ಟೆರಾಕೋಟಾ ನೆಲ ಒಡೆಯುತ್ತಿದೆಯೇ? ಟೈಲಿನ ದಪ್ಪವನ್ನು ಬೈಯುವ ಮೊದಲು ನೋಡಬೇಕಾದದ್ದು

ಟೆರಾಕೋಟಾ ನೆಲದಲ್ಲಿ ಒಂದು ಟೈಲ್ ಸೀಳಿದರೆ ಸಾಕು, ನೋಡಿದವರೆಲ್ಲ ಹೇಳುವುದು ಒಂದೇ ಮಾತು: "ತೆಳು ಟೈಲ್ ಹಾಕಿಸಿದಿರಿ, ದಪ್ಪದ್ದು ತರಬೇಕಿತ್ತು." ಆ ಮಾತು ಕೇಳಿ ಇಡೀ ನೆಲ ಕೀಳಿಸಿ, 12 ಮಿ.ಮೀ. ಬದಲು 20 ಮಿ.ಮೀ. ಹಾಕಿಸಿದ ಮೇಲೂ ಅದೇ ಜಾಗದಲ್ಲಿ ಮತ್ತೆ ಬಿರುಕು ಕಾಣಿಸುವುದುಂಟು. ತಪ್ಪು ಟೈಲಿನ ದಪ್ಪದಲ್ಲಿ ಇರಲೇ ಇಲ್ಲ, ಅದರ ಕೆಳಗೆ ಇತ್ತು.

ಹಾಗಂತ ದಪ್ಪ ಮುಖ್ಯವಲ್ಲ ಅಂತಲ್ಲ. ಕೆಲವು ದೋಷಗಳಿಗೆ ದಪ್ಪವೇ ನೇರ ಕಾರಣ. ಆದರೆ ಅಲ್ಲೂ ಪೆಟ್ಟಿಗೆಯ ಮೇಲೆ ಬರೆದ ಅಳತೆಗಿಂತ, ಒಂದು ಟೈಲಿಗೂ ಪಕ್ಕದ ಟೈಲಿಗೂ ಇರುವ ವ್ಯತ್ಯಾಸವೇ ಜಾಸ್ತಿ ಕಾಟ ಕೊಡುತ್ತದೆ. ಯಾವುದು ಯಾವುದರಿಂದ ಬಂತು ಎಂದು ಪತ್ತೆ ಮಾಡಲು ದೊಡ್ಡ ಸಲಕರಣೆ ಬೇಡ. ಒಂದು ನಾಣ್ಯ, ಸೀಮೆಸುಣ್ಣ, ಉದ್ದನೆಯ ಮಟ್ಟಗೋಲು, ದಪ್ಪ ಅಳೆಯಲು ಒಂದು ವರ್ನಿಯರ್ ಕ್ಯಾಲಿಪರ್ ಇದ್ದರೆ ಆಯಿತು.

ಮೊದಲು ಬಿರುಕು ಹೇಗಿದೆ ನೋಡಿ

ಬಿರುಕು ಒಂದೇ ಟೈಲಿನಲ್ಲಿ ನಿಂತಿದೆಯೇ ಅಥವಾ ಸಂದು ದಾಟಿ ಪಕ್ಕದ ಟೈಲುಗಳಿಗೂ ಹೋಗಿದೆಯೇ? ಮೊದಲು ಕೇಳಬೇಕಾದದ್ದು ಇದೇ. ನಾಲ್ಕೈದು ಟೈಲುಗಳನ್ನು ದಾಟಿ ಒಂದೇ ಗೆರೆಯಾಗಿ ಓಡಿದ್ದರೆ ಟೈಲಿನ ದಪ್ಪದ ವಿಚಾರ ಅಲ್ಲಿಗೇ ಬಿಡಿ. ಕೆಳಗಿನ ಕಾಂಕ್ರೀಟ್ ಸೀಳಿದೆ, ಇಲ್ಲವೇ ಹಳೆಯ ಕಾಂಕ್ರೀಟಿಗೂ ಹೊಸ ಕಾಂಕ್ರೀಟಿಗೂ ಜೋಡಣೆ ಇರುವ ಕಡೆ ನೆಲ ಅಲುಗಾಡಿದೆ. ಮೇಲಿನ ಟೈಲ್ ಅದನ್ನು ತೋರಿಸುತ್ತಿದೆ ಅಷ್ಟೆ. 30 ಮಿ.ಮೀ. ಟೈಲ್ ಹಾಕಿದರೂ ಅದು ಸೀಳುತ್ತದೆ, ಸ್ವಲ್ಪ ತಡವಾಗಿ ಇರಬಹುದು. ಇಲ್ಲಿ ಮಾಡಬೇಕಾದದ್ದು ಕೆಳಗಿನ ಬಿರುಕು ಇನ್ನೂ ಬೆಳೆಯುತ್ತಿದೆಯೇ ಎಂದು ನೋಡುವುದು, ಆ ಗೆರೆಯ ಮೇಲೆಯೇ ಮೆತ್ತಗಿನ ಸೀಲಂಟ್ (ರಬ್ಬರಿನಂತೆ ಹಿಗ್ಗಿ ಕುಗ್ಗುವ ಅಂಟು) ತುಂಬಿದ ಸಂದು ಬರುವಂತೆ ಟೈಲ್ ಜೋಡಿಸುವುದು. ಬಿರುಕಿನ ಎರಡು ಬದಿ ಮೇಲೆ ಕೆಳಗೆ ಆಗಿದ್ದರೆ ಅದು ಟೈಲ್ ಕೆಲಸದವರ ಕೈಗೆ ಸಿಗುವ ವಿಷಯವಲ್ಲ. ಅದನ್ನು ಎಂಜಿನಿಯರ್‌ಗೆ ತೋರಿಸಿ.

ಒಂದೇ ಟೈಲ್, ನಡುವೆ ಅಡ್ಡಲಾಗಿ ಎರಡು ತುಂಡು ಆಗಿದ್ದರೆ ಅದು ಬಾಗಿ ಮುರಿದಿದೆ. ಅಂದರೆ ನಡುವೆ ಕೆಳಗೆ ಆಸರೆ ಇರಲಿಲ್ಲ, ಅಂಚುಗಳಲ್ಲಿ ಮಾತ್ರ ಇತ್ತು. ಮೂಲೆ ಮಾತ್ರ ತ್ರಿಕೋನವಾಗಿ ಕಳಚಿದ್ದರೆ ಆ ಮೂಲೆಯ ಕೆಳಗೆ ಗಾರೆ ತಲುಪಿಲ್ಲ. ಐದು ಕಡೆ ಚುಕ್ಕೆಯಂತೆ ಗಾರೆ ಇಟ್ಟು ಟೈಲ್ ಒತ್ತುವ ಕೆಟ್ಟ ಅಭ್ಯಾಸ ಇದೆಯಲ್ಲ, ಈ ಎರಡು ಬಗೆಯ ಮುರಿತಕ್ಕೂ ಅದೇ ತವರು. ಒಂದು ಬಿಂದುವಿನಿಂದ ನಾಲ್ಕು ಕಡೆಗೆ ಸೀಳುಗಳು ಹೊರಟಿದ್ದರೆ, ಬಿಂದುವಿನಲ್ಲಿ ಸಣ್ಣ ಗುಳಿ ಬಿದ್ದಿದ್ದರೆ, ಭಾರದ ವಸ್ತು ಬಿದ್ದಿದೆ. ಇಲ್ಲಿ ದಪ್ಪ ಸ್ವಲ್ಪ ಸಹಾಯ ಮಾಡುತ್ತಿತ್ತು, ಆದರೆ ಕೆಳಗೆ ಪೊಳ್ಳಿದ್ದರೆ ಅದೂ ಇಲ್ಲ.

ಇನ್ನೊಂದು ಬಗೆ ನೋಡಿದವರನ್ನು ಹೆದರಿಸುತ್ತದೆ. ಎರಡು ಸಾಲಿನ ಟೈಲುಗಳು ಒಂದನ್ನೊಂದು ಒತ್ತಿ ಮೇಲಕ್ಕೆ ಎದ್ದು ನಿಲ್ಲುತ್ತವೆ, ಕೆಲವೊಮ್ಮೆ ದೊಡ್ಡ ಸದ್ದಿನ ಜೊತೆ. ಸುಟ್ಟ ಮಣ್ಣು ಗೂಡಿನಿಂದ ಹೊರಬಂದ ಮೇಲೆ ಗಾಳಿಯ ತೇವ ಹೀರಿ ನಿಧಾನವಾಗಿ ಹಿಗ್ಗುತ್ತದೆ. ಬಿಸಿಲಿಗಿಟ್ಟು ಒಣಗಿಸಿದರೂ ಆ ಹಿಗ್ಗು ಹಿಂದಕ್ಕೆ ಹೋಗುವುದಿಲ್ಲ. ಮೀಟರಿಗೆ ಅರ್ಧ ಮಿ.ಮೀ. ಹಿಗ್ಗಿದರೂ 6 ಮೀಟರ್ ಉದ್ದದ ಕೋಣೆಯಲ್ಲಿ ಅದು 3 ಮಿ.ಮೀ. ಆಗುತ್ತದೆ. ಅತ್ತ ಹೊಸ ಕಾಂಕ್ರೀಟ್ ಒಣಗುತ್ತಾ ಕುಗ್ಗುತ್ತಿರುತ್ತದೆ. ಗೋಡೆಯ ತನಕ ಗಾರೆ ತುಂಬಿ ಬಿಗಿ ಮಾಡಿದ್ದರೆ ಟೈಲಿಗೆ ಮೇಲೇಳುವುದು ಬಿಟ್ಟು ಬೇರೆ ದಾರಿ ಇಲ್ಲ. ದಪ್ಪ ಟೈಲ್ ಇದಕ್ಕೆ ಮದ್ದಲ್ಲ, ಅಷ್ಟೇ ಹಿಗ್ಗಿಗೆ ದಪ್ಪದ್ದು ಇನ್ನೂ ಜೋರಾಗಿ ತಳ್ಳುತ್ತದೆ. ಬೇಕಾದದ್ದು ಗೋಡೆಯ ಸುತ್ತ ಸ್ಕರ್ಟಿಂಗ್ ಕೆಳಗೆ ಮರೆಯಾಗುವ ಖಾಲಿ ಜಾಗ, ಒಳಗೆ ಸುಮಾರು 6 ಮೀಟರಿಗೊಂದು, ಬಿಸಿಲು ಬೀಳುವ ಹೊರಗಡೆ ಸುಮಾರು 3 ಮೀಟರಿಗೊಂದು ಮೆತ್ತಗಿನ ಸಂದು.

ತಟ್ಟಿ ಕೇಳಿ, ಆಮೇಲೆ ಒಂದನ್ನು ಕೀಳಿ

ಬಿರುಕಿನ ಆಕಾರ ನೋಡಿ ಅಂದಾಜು ಬಂದ ಮೇಲೆ ನಾಣ್ಯದಿಂದ ಅಥವಾ ಸುತ್ತಿಗೆಯ ಮರದ ಹಿಡಿಯಿಂದ ಪ್ರತಿ ಟೈಲನ್ನೂ ತಟ್ಟಿ. ನಾಲ್ಕು ಮೂಲೆ, ಒಂದು ನಡು. ಗಟ್ಟಿ ಸದ್ದು ಬಂದರೆ ಕೆಳಗೆ ತುಂಬಿದೆ. ಡಬಡಬ ಎಂದರೆ ಟೊಳ್ಳು. ಟೊಳ್ಳು ಕಂಡ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾ ಹೋಗಿ. ಕೋಣೆ ಮುಗಿಯುವಷ್ಟರಲ್ಲಿ ನೆಲದ ಮೇಲೆ ಒಂದು ನಕ್ಷೆ ಸಿಗುತ್ತದೆ. ಒಡೆದ ಟೈಲುಗಳು ಗುರುತುಗಳ ಮೇಲೆಯೇ ಇದ್ದರೆ ಉತ್ತರ ಸಿಕ್ಕಿತು ಅನ್ನಿ. ಗುರುತುಗಳು ಎಲ್ಲೋ, ಒಡೆದದ್ದು ಎಲ್ಲೋ ಇದ್ದರೆ ಟೈಲನ್ನೇ ಅನುಮಾನಿಸಲು ಶುರು ಮಾಡಿ.

ಒಂದು ಎಚ್ಚರಿಕೆ. 20 ಮಿ.ಮೀ. ಮೇಲ್ಪಟ್ಟ ಟೈಲುಗಳಲ್ಲಿ ಈ ಸದ್ದು ಮೋಸ ಮಾಡುತ್ತದೆ. ಕೆಳಗೆ ಸಣ್ಣ ಪೊಳ್ಳು ಇದ್ದರೂ ಮೇಲೆ ಗಟ್ಟಿಯಾಗಿಯೇ ಕೇಳಬಹುದು. ಹಾಗಾಗಿ ಒಂದು ಒಡೆದ ಟೈಲನ್ನು ಕಿತ್ತು ನೋಡದೆ ತೀರ್ಮಾನಕ್ಕೆ ಬರಬೇಡಿ. ಸುತ್ತಲಿನ ಸಂದು ತುಂಬಿದ ಗಾರೆಯನ್ನು, ಅಂದರೆ ಗ್ರೌಟನ್ನು, ಮೊದಲು ಕತ್ತರಿಸಿ ತೆಗೆಯಿರಿ. ಟೈಲಿನ ನಡುವೆ ಡ್ರಿಲ್‌ನಿಂದ ಕೆಲವು ತೂತು ಮಾಡಿ, ಅಲ್ಲಿಂದ ಹೊರಗಿನ ಕಡೆಗೆ ಉಳಿಯಿಂದ ಬಿಡಿಸುತ್ತಾ ಬನ್ನಿ. ಅಂಚಿನಿಂದ ಶುರು ಮಾಡಿದರೆ ಪಕ್ಕದ ಒಳ್ಳೆಯ ಟೈಲಿನ ಅಂಚು ಹೋಗುತ್ತದೆ.

ಕಿತ್ತ ತುಂಡಿನ ಬೆನ್ನು ನೋಡಿ. ಬೆನ್ನು ನುಣ್ಣಗೆ, ಒಣಗಿದ ಪುಡಿ ಮಾತ್ರ ಅಂಟಿದ್ದರೆ ಟೈಲ್ ಗಾರೆಯ ನೀರನ್ನು ಹೀರಿಬಿಟ್ಟಿದೆ. ಟೆರಾಕೋಟಾ ಬಾಯಾರಿದ ವಸ್ತು. ಟೈಲುಗಳ ಅಂತರರಾಷ್ಟ್ರೀಯ ಮಾನದಂಡ ಐಎಸ್‌ಒ 13006 ನೀರು ಹೀರುವ ಪ್ರಮಾಣದ ಮೇಲೆ ಗುಂಪು ಮಾಡುತ್ತದೆ. ಟೆರಾಕೋಟಾದ ಬಹುಪಾಲು ಟೈಲುಗಳು ತೂಕದ 10%ಕ್ಕಿಂತ ಜಾಸ್ತಿ ಹೀರುವ ಗುಂಪಿಗೆ, ಕೆಲವು 3ರಿಂದ 10%ರ ಗುಂಪಿಗೆ ಬರುತ್ತವೆ. ಒಣ ಟೈಲನ್ನು ಸಿಮೆಂಟ್ ಗಾರೆಯ ಮೇಲೆ ಇಟ್ಟರೆ ಸಿಮೆಂಟ್ ಗಟ್ಟಿಯಾಗಲು ಬೇಕಾದ ನೀರು ಟೈಲಿಗೆ ಹೋಗುತ್ತದೆ. ಹಾಗಾಗಿ ಗಾರೆಯಲ್ಲಿ ಕೂರಿಸುವುದಾದರೆ ಗುಳ್ಳೆ ಏಳುವುದು ನಿಲ್ಲುವ ತನಕ ನೀರಿನಲ್ಲಿ ಮುಳುಗಿಸಿ, ಮೇಲಿನ ನೀರು ಆರಿದ ಮೇಲೆ ಬಳಸಬೇಕು. ಪುಡಿ ರೂಪದಲ್ಲಿ ಸಿಗುವ ಟೈಲ್ ಅಡ್ಹೆಸಿವ್ ಆದರೆ ಮುಳುಗಿಸುವುದು ಬೇಡ, ಬೆನ್ನಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಅಡ್ಹೆಸಿವ್ ಅನ್ನು ಹಲ್ಲಿನ ಕರಣೆಯಿಂದ ಗೆರೆಗೆರೆಯಾಗಿ ಎಳೆಯುತ್ತಾರೆ. ಬೆನ್ನಿನಲ್ಲಿ ಆ ಗೆರೆಗಳು ಚಪ್ಪಟೆಯಾಗಿ ಅಂಟದೆ, ಗೆರೆಗಳ ತುದಿ ಮಾತ್ರ ತಾಗಿದ ಗುರುತಿದ್ದರೆ ಅಡ್ಹೆಸಿವ್ ಸಾಲದಾಗಿದೆ. ಒಣ ಕೋಣೆಯಲ್ಲಿ ಬೆನ್ನಿನ 80% ಆದರೂ ಅಂಟಿರಬೇಕು. ಬಚ್ಚಲು, ಹೊರಗಡೆ ಎಂದರೆ 95%. ಮುರಿದ ಅಂಚನ್ನೂ ನೋಡಿ. ಹೊರಗೆ ಕೆಂಪು, ಒಳಗೆ ಕಪ್ಪು ಅಥವಾ ಬೂದು ತಿರುಳು ಕಂಡರೆ ಟೈಲ್ ಒಳತನಕ ಸರಿಯಾಗಿ ಬೆಂದಿಲ್ಲ. ಇದು ದಪ್ಪ ಟೈಲಿನದೇ ಕಾಯಿಲೆ. ಗೂಡಿನ ಶಾಖ ಮತ್ತು ಗಾಳಿ ನಡುವಿನ ತನಕ ತಲುಪಲು ಹೊತ್ತು ಬೇಕು, ಅವಸರ ಮಾಡಿದರೆ ತಿರುಳು ಹಸಿಯಾಗಿ ಉಳಿಯುತ್ತದೆ. ಅಂಥ 25 ಮಿ.ಮೀ. ಟೈಲಿಗಿಂತ ಚೆನ್ನಾಗಿ ಬೆಂದ 15 ಮಿ.ಮೀ. ಟೈಲನ್ನೇ ನಾನು ಆರಿಸುತ್ತೇನೆ.

ದಪ್ಪದ ಲೆಕ್ಕ

ಈಗ ದಪ್ಪದ ವಿಷಯಕ್ಕೆ ಬರೋಣ. ಬಾಗಿ ಮುರಿಯುವ ಯಾವ ಹಲಗೆಗಾದರೂ ತಡೆಯುವ ಶಕ್ತಿ ದಪ್ಪದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದಪ್ಪ ಎರಡು ಪಟ್ಟಾದರೆ ಶಕ್ತಿ ನಾಲ್ಕು ಪಟ್ಟು. ಒಂದು ಉದಾಹರಣೆ ನೋಡಿ. 200 ಮಿ.ಮೀ. ಚೌಕದ ಟೈಲನ್ನು 180 ಮಿ.ಮೀ. ದೂರದ ಎರಡು ಸರಳುಗಳ ಮೇಲಿಟ್ಟು ನಡುವೆ ಒತ್ತಿದರೆ, ಆ ಮಣ್ಣಿನ ಬಾಗುಬಲ (ಬಾಗಿ ಮುರಿಯದೆ ತಡೆಯುವ ಶಕ್ತಿ) ಚದರ ಮಿ.ಮೀ.ಗೆ 8 ನ್ಯೂಟನ್ ಎಂದಿಟ್ಟುಕೊಂಡರೆ, 12 ಮಿ.ಮೀ. ಟೈಲ್ ಸುಮಾರು 87 ಕಿಲೋ ಭಾರಕ್ಕೆ ಮುರಿಯುತ್ತದೆ. 15 ಮಿ.ಮೀ. ಆದರೆ 136 ಕಿಲೋ. 20 ಮಿ.ಮೀ. ಆದರೆ 240 ಕಿಲೋ. ಮೂರು ಮಿ.ಮೀ. ಜಾಸ್ತಿ ಮಾಡಿದ್ದಕ್ಕೇ ಒಂದೂವರೆ ಪಟ್ಟು! ಅದಕ್ಕೇ ಜನ ದಪ್ಪವನ್ನು ನಂಬುತ್ತಾರೆ, ತಪ್ಪೇನಿಲ್ಲ.

ಆದರೆ ಈ ಲೆಕ್ಕ ಕೆಳಗೆ ಏನೂ ಇಲ್ಲದ ಟೈಲಿನದು. ಪೂರ್ತಿ ಗಾರೆಯ ಮೇಲೆ ಕೂತ ಟೈಲ್ ಬಾಗುವುದೇ ಇಲ್ಲ, ಅದಕ್ಕೆ ಬೀಳುವುದು ನೇರ ಒತ್ತಡ ಮಾತ್ರ. 1,500 ಕಿಲೋ ತೂಕದ ಕಾರಿನ ಒಂದು ಚಕ್ರಕ್ಕೆ ಬರುವುದು 375 ಕಿಲೋ. ಅದು 150 ಚದರ ಸೆಂ.ಮೀ. ಮೇಲೆ ಹರಡಿದರೆ ಚದರ ಸೆಂ.ಮೀ.ಗೆ ಎರಡೂವರೆ ಕಿಲೋ. ಸುಟ್ಟ ಮಣ್ಣಿಗೆ ಅದು ಏನೇನೂ ಅಲ್ಲ. ಅದೇ ಚಕ್ರ ಪೊಳ್ಳಿನ ಮೇಲಿನ ಟೈಲಿನ ಮೇಲೆ ಬಂದರೆ ಮೇಲಿನ ಲೆಕ್ಕದ 20 ಮಿ.ಮೀ. ಟೈಲ್ ಕೂಡ ಹೋಗುತ್ತದೆ. ಹಾಗಾಗಿ ಒಡೆದ ಟೈಲಿನ ಕೆಳಗೆ ಗಾರೆ ತುಂಬಿದ್ದೂ, ತಿರುಳು ಚೆನ್ನಾಗಿ ಬೆಂದಿದ್ದೂ, ಬಿದ್ದ ಭಾರದ ಗುರುತು ಇಲ್ಲದಿದ್ದೂ ಒಡೆದಿದ್ದರೆ ಮಾತ್ರ "ಇದು ಈ ಜಾಗಕ್ಕೆ ತೆಳುವಾಯಿತು" ಎಂದು ಹೇಳಬಹುದು. ಅಂಥ ಪ್ರಸಂಗ ಅಪರೂಪ. ಬೀರುವಿನ ಲೋಹದ ಕಾಲು, ಭಾರೀ ಯಂತ್ರಗಳ ಸಣ್ಣ ಪಾದ ಇಂಥ ಕಡೆ ಸಿಗುತ್ತದೆ. ಕಾಲಿನ ಕೆಳಗೆ ಅಗಲವಾದ ತಟ್ಟೆ ಇಟ್ಟರೂ ಅದು ಬಗೆಹರಿಯುತ್ತದೆ.

ಕಾಲು ಎಡವುತ್ತದೆ, ಟೈಲ್ ಅಲುಗುತ್ತದೆ

ಇದು ದಪ್ಪದ್ದೇ ದೋಷ. ಆದರೆ ಕಡಿಮೆ ದಪ್ಪದ್ದಲ್ಲ, ಏರುಪೇರಾದ ದಪ್ಪದ್ದು.

ಕೈಯಿಂದ ಮಾಡಿದ ಟೈಲುಗಳಲ್ಲಿ 20 ಮಿ.ಮೀ. ಎಂದು ಹೇಳಿದ್ದು 18ಕ್ಕೂ ಇರುತ್ತದೆ, 22ಕ್ಕೂ ಇರುತ್ತದೆ. ಒಂದೇ ಟೈಲಿನ ಎರಡು ಮೂಲೆಗಳಲ್ಲಿಯೇ ಒಂದೆರಡು ಮಿ.ಮೀ. ವ್ಯತ್ಯಾಸ ಇರಬಹುದು. ಅದರ ಜೊತೆಗೆ ಒಣಗುವಾಗ ಬಂದ ಸೊಟ್ಟ ಬೇರೆ. ಇದು ಅವುಗಳ ಚೆಲುವು ಕೂಡ ಹೌದು, ಅದನ್ನು ದೋಷ ಎಂದು ವಾಪಸ್ ಕಳಿಸುವುದರಲ್ಲಿ ಅರ್ಥವಿಲ್ಲ. ತಪ್ಪಾಗುವುದು ಅಂಥ ಟೈಲನ್ನು ತೆಳು ಅಡ್ಹೆಸಿವ್ ಮೇಲೆ ಕೂರಿಸಿದಾಗ. 6 ಮಿ.ಮೀ. ಹಲ್ಲಿನ ಕರಣೆಯಲ್ಲಿ ಎಳೆದ ಅಡ್ಹೆಸಿವ್ ಟೈಲ್ ಒತ್ತಿದ ಮೇಲೆ ಸುಮಾರು 3 ಮಿ.ಮೀ.ಗೆ ಇಳಿಯುತ್ತದೆ. ಪಕ್ಕಪಕ್ಕದ ಟೈಲುಗಳಲ್ಲಿ 4 ಮಿ.ಮೀ. ವ್ಯತ್ಯಾಸ ಇದ್ದರೆ ಅಷ್ಟರಲ್ಲಿ ಸರಿದೂಗಿಸಲು ಆಗುವುದಿಲ್ಲ. ಮೇಲ್ಮೈ ಮಟ್ಟ ಮಾಡಿದರೆ ತೆಳು ಟೈಲಿನ ಕೆಳಗೆ ಪೊಳ್ಳು. ಪೊಳ್ಳು ಬೇಡವೆಂದು ಒತ್ತಿದರೆ ಅಂಚು ಕೆಳಗಿಳಿದು ಕಾಲು ಎಡವುತ್ತದೆ. ಮೇಸ್ತ್ರಿ ಎಷ್ಟೇ ಕೈಚಳಕದವರಾದರೂ ಈ ಲೆಕ್ಕ ಬದಲಾಗುವುದಿಲ್ಲ, ಸುಮ್ನೆ ಅವರನ್ನು ಬೈಯಬೇಡಿ.

ಅದಕ್ಕೆ ಪರೀಕ್ಷೆ ಹೀಗೆ. ಬೇರೆ ಬೇರೆ ಪೆಟ್ಟಿಗೆಗಳಿಂದ ಹತ್ತು ಟೈಲು ತೆಗೆಯಿರಿ. ಒಂದೇ ಪೆಟ್ಟಿಗೆಯಿಂದ ತೆಗೆದರೆ ಪ್ರಯೋಜನ ಇಲ್ಲ, ಒಂದೇ ಗೂಡಿನದು ಒಂದೇ ತರ ಇರುತ್ತದೆ. ಪ್ರತಿಯೊಂದರ ನಾಲ್ಕು ಮೂಲೆಯಲ್ಲಿ ಕ್ಯಾಲಿಪರ್ ಇಟ್ಟು ಬರೆದುಕೊಳ್ಳಿ. ಸರಾಸರಿ ಬೇಡ. ಎಲ್ಲಕ್ಕಿಂತ ದೊಡ್ಡ ಅಂಕಿಯಿಂದ ಎಲ್ಲಕ್ಕಿಂತ ಚಿಕ್ಕದನ್ನು ಕಳೆಯಿರಿ. ಆಮೇಲೆ ಎರಡು ಟೈಲುಗಳನ್ನು ಮುಖಕ್ಕೆ ಮುಖ ಇಟ್ಟು ಒಂದು ಮೂಲೆ ಒತ್ತಿ. ತೂಗಾಡಿದರೆ ಸೊಟ್ಟ ಇದೆ. ಎಷ್ಟು ಸೊಟ್ಟ ಎಂಬುದನ್ನು ಮಟ್ಟಗೋಲಿನ ಕೆಳಗೆ ಕಾಣುವ ಬೆಳಕಿನಲ್ಲಿ ನೋಡಿ.

ಕಳೆದಾಗ ಬಂದ ಅಂಕಿ 1 ಮಿ.ಮೀ. ಒಳಗಿದ್ದರೆ ತೆಳು ಅಡ್ಹೆಸಿವ್ ಸಾಕು. 2 ಮಿ.ಮೀ. ಹತ್ತಿರ ಬಂದರೆ 10 ಅಥವಾ 12 ಮಿ.ಮೀ. ಹಲ್ಲಿನ ಕರಣೆ, ಜೊತೆಗೆ ಟೈಲಿನ ಬೆನ್ನಿಗೂ ಒಂದು ಪದರ. 3 ಮಿ.ಮೀ. ದಾಟಿದರೆ ಅಡ್ಹೆಸಿವ್ ಆಸೆ ಬಿಟ್ಟು 25ರಿಂದ 40 ಮಿ.ಮೀ. ಗಾರೆಯ ಬೆಡ್ ಹಾಕಿಸಿ. ಅಲ್ಲಿ ಒಂದೊಂದು ಟೈಲನ್ನೂ ತಟ್ಟಿ ಮಟ್ಟಕ್ಕೆ ತರಲು ಜಾಗ ಇರುತ್ತದೆ. ಸಂದನ್ನೂ ಅಗಲ ಮಾಡಿ. ಕೈಯಿಂದ ಮಾಡಿದ್ದಕ್ಕೆ 8ರಿಂದ 12 ಮಿ.ಮೀ. ಬೇಕೇ ಬೇಕು. ಅಗಲ ಸಂದಿನಲ್ಲಿ 1 ಮಿ.ಮೀ. ಏರಿಳಿತ ಕಣ್ಣಿಗೂ ಬೀಳುವುದಿಲ್ಲ, ಕಾಲಿಗೂ ತಾಗುವುದಿಲ್ಲ. ಕೂದಲೆಳೆಯ ಸಂದು ಕೇಳುವವರಿಗೆ ಟೆರಾಕೋಟಾ ಹೇಳಿ ಮಾಡಿಸಿದ್ದಲ್ಲ, ಅವರು ಬೇರೆ ಟೈಲ್ ನೋಡುವುದೇ ಒಳ್ಳೆಯದು.

ಬಾಗಿಲು ತಾಗುತ್ತಿದೆ

ದಪ್ಪ ಆರಿಸುವಾಗ ಟೈಲ್ ಮಾತ್ರ ಲೆಕ್ಕ ಹಾಕಿ, ಕೆಳಗಿನ ಬೆಡ್ ಮರೆತದ್ದರ ಫಲ ಇದು. 12 ಮಿ.ಮೀ. ಟೈಲ್, 5 ಮಿ.ಮೀ. ಅಡ್ಹೆಸಿವ್ ಎಂದರೆ 17. 20 ಮಿ.ಮೀ. ಟೈಲ್, 30 ಮಿ.ಮೀ. ಗಾರೆ ಎಂದರೆ 50. ಈ 33 ಮಿ.ಮೀ. ಹೊಸ್ತಿಲಲ್ಲಿ, ಬಚ್ಚಲಿನ ನೀರು ಹೋಗುವ ಇಳಿಜಾರಿನಲ್ಲಿ, ಮೆಟ್ಟಿಲಿನ ಮೊದಲ ಹೆಜ್ಜೆಯಲ್ಲಿ ತೊಂದರೆ ಕೊಡುತ್ತದೆ. ಮೆಟ್ಟಿಲಿನದು ಅಪಾಯ ಕೂಡ. ಒಂದು ಮೆಟ್ಟಿಲು ಮಾತ್ರ ಗಿಡ್ಡವಾದರೆ ಇಳಿಯುವವರು ಮುಗ್ಗರಿಸುತ್ತಾರೆ. ಬಾಗಿಲನ್ನು ಕತ್ತರಿಸಬಹುದು, ಮೆಟ್ಟಿಲನ್ನು ಏನು ಮಾಡುತ್ತೀರಿ?

ತೂಕವೂ ಇದೆ. 20 ಮಿ.ಮೀ. ಟೆರಾಕೋಟಾ ಚದರ ಮೀಟರಿಗೆ 38 ಕಿಲೋ ಹತ್ತಿರ. 30 ಮಿ.ಮೀ. ಗಾರೆ ಸೇರಿದರೆ 100 ಕಿಲೋ ಮುಟ್ಟುತ್ತದೆ. ಮಹಡಿಯ ಮೇಲೆ ಹಳೆಯ ನೆಲ ಕೀಳದೆ ಅದರ ಮೇಲೆಯೇ ಹಾಕುವ ಯೋಚನೆ ಇದ್ದರೆ, ಮರದ ತೊಲೆಗಳ ನೆಲವಾಗಿದ್ದರಂತೂ, ಮೊದಲು ಅದರ ತಾಳಿಕೆ ಕೇಳಿ ತಿಳಿದುಕೊಳ್ಳಿ. ಬಗ್ಗುವ ನೆಲದ ಮೇಲೆ ದಪ್ಪ ಟೈಲ್ ಹಾಕಿದರೆ ಭಾರ ಹೆಚ್ಚಾಗಿ ನೆಲ ಇನ್ನಷ್ಟು ಬಗ್ಗುತ್ತದೆ, ಸಂದುಗಳು ಮೊದಲು ಬಿಡುತ್ತವೆ.

ದಪ್ಪಕ್ಕೂ ಇವಕ್ಕೂ ಸಂಬಂಧ ಇಲ್ಲ

ಬಿಳಿ ಪುಡಿ ಏಳುವುದು ಕೆಳಗಿನಿಂದ ಬರುವ ತೇವ ಮತ್ತು ಲವಣದ ಕೆಲಸ. ಸಣ್ಣ ಗುಳಿ, ಅದರ ತಳದಲ್ಲಿ ಬಿಳಿ ಚುಕ್ಕೆ ಕಂಡರೆ ಮಣ್ಣಿನಲ್ಲಿ ಸುಣ್ಣದ ಹರಳು ಇತ್ತು, ನೀರು ತಾಗಿ ಅರಳಿ ಮೇಲ್ಪದರ ಎಗರಿಸಿದೆ. ಪದರ ಪದರವಾಗಿ ಕಳಚುವುದು ಲವಣದಿಂದ, ಹಿಮ ಬೀಳುವ ಕಡೆ ಒಳಗಿನ ನೀರು ಹೆಪ್ಪುಗಟ್ಟುವುದರಿಂದ. ಎಣ್ಣೆ ಕಲೆ ಸೀಲರ್ (ಟೈಲಿನ ರಂಧ್ರ ಮುಚ್ಚುವ ಲೇಪ) ಸಾಲದ್ದಕ್ಕೆ. ಇವುಗಳಿಗೆ 30 ಮಿ.ಮೀ. ಟೈಲ್ ಹಾಕಿದರೂ ಅಷ್ಟೇ, 10 ಮಿ.ಮೀ. ಹಾಕಿದರೂ ಅಷ್ಟೇ.

ಎಲ್ಲಿಗೆ ಎಷ್ಟು

ಟೈಲಿನ ಅಗಲ ನೋಡದೆ ದಪ್ಪ ಹೇಳುವುದು ಅರ್ಧ ಮಾತು. ಅಗಲ ಹೆಚ್ಚಿದಂತೆ ಸೊಟ್ಟ ಹೆಚ್ಚುತ್ತದೆ, ಕೆಳಗೆ ಪೊಳ್ಳು ಉಳಿಯುವ ಸಾಧ್ಯತೆಯೂ ಹೆಚ್ಚುತ್ತದೆ. ನನ್ನ ಲೆಕ್ಕ ಹೀಗಿದೆ: ಯಂತ್ರದಲ್ಲಿ ಮಾಡಿದ 150ರಿಂದ 200 ಮಿ.ಮೀ. ಚೌಕಕ್ಕೆ ಮನೆಯೊಳಗೆ 12ರಿಂದ 15 ಮಿ.ಮೀ. ಧಾರಾಳ ಸಾಕು. 300 ಮಿ.ಮೀ. ಚೌಕಕ್ಕೆ 20 ಹತ್ತಿರ ಇರಲಿ. 400 ಮಿ.ಮೀ. ಎಂದರೆ 25ಕ್ಕಿಂತ ಕಡಿಮೆ ಬೇಡ. ಅಡುಗೆಮನೆಯಲ್ಲಿ ಪಾತ್ರೆ ಬೀಳುತ್ತದೆ ಎಂಬ ಭಯ ಇದ್ದರೆ ದಪ್ಪ ಏರಿಸುವ ಬದಲು ಚಿಕ್ಕ ಟೈಲ್ ಆರಿಸಿ. ಒಡೆದರೂ ಒಂದು ಚಿಕ್ಕದು ಹೋಗುತ್ತದೆ. ವಾಹನ ಓಡಾಡುವ ಜಾಗಕ್ಕೆ ಗಟ್ಟಿ ಕಾಂಕ್ರೀಟ್ ಮೇಲೆ ಪೂರ್ತಿ ಗಾರೆಯಲ್ಲಿ ಕೂತ 25ರಿಂದ 30 ಮಿ.ಮೀ. ಬೇಕು. ಮರಳಿನ ಮೇಲೆ ಜೋಡಿಸುವುದಾದರೆ ಟೈಲ್ ಬಿಟ್ಟು 50 ಮಿ.ಮೀ. ಅಥವಾ ಮೇಲ್ಪಟ್ಟ ಸುಟ್ಟ ಮಣ್ಣಿನ ಪೇವರ್ (ನೆಲಕ್ಕೆ ಹಾಸುವ ದಪ್ಪ ಇಟ್ಟಿಗೆ) ತೆಗೆದುಕೊಳ್ಳಿ. ನೆಲದ ಕೆಳಗೆ ಬಿಸಿ ಮಾಡುವ ಕೊಳವೆ ಇದ್ದರೆ ತೆಳುವಿನ ಕಡೆಗೇ ವಾಲಿ, ದಪ್ಪದ್ದು ಬೆಚ್ಚಗಾಗಲು ತುಂಬಾ ಹೊತ್ತು ಹಿಡಿಯುತ್ತದೆ.

ಒಂದೆರಡು ಟೈಲು ಬದಲಿಸುವಾಗ

ಹಳೆಯ ಟೈಲಿನಷ್ಟೇ ದಪ್ಪದ್ದು ಸಿಗುವುದು ಕಷ್ಟ. ಸಿಕ್ಕಿದ್ದು ತೆಳುವಾಗಿದ್ದರೆ ಒಳ್ಳೆಯದೇ. ಕೆಳಗಿನ ಗುಂಡಿಯನ್ನು ಪೂರ್ತಿ ಗಾರೆಯಿಂದ ತುಂಬಿ ಮಟ್ಟಕ್ಕೆ ತನ್ನಿ. ನಡುವೆ ಒಂದು ಮುದ್ದೆ ಇಟ್ಟು ಒತ್ತುವ ಕೆಲಸ ಮಾತ್ರ ಬೇಡ. ದಪ್ಪವಾಗಿದ್ದರೆ ಹಳೆಯ ಬೆಡ್ಡನ್ನು ಉಳಿಯಿಂದ ಬೇಕಾದಷ್ಟು ಕೆತ್ತಿ ತೆಗೆಯಿರಿ. ಎರಡು ಮಿ.ಮೀ. ಒಳಗಿನ ವ್ಯತ್ಯಾಸ ಆದರೆ ಟೈಲಿನ ಬೆನ್ನನ್ನು ಗ್ರೈಂಡರ್‌ನಲ್ಲಿ ತೇಯಬಹುದು, ಧೂಳಿಗೆ ಮುಖವಾಡ ಹಾಕಿಕೊಳ್ಳಿ. ಮುಖದ ಕಡೆ ತೇಯಬೇಡಿ. ಬೆಂಕಿಯಲ್ಲಿ ಬಂದ ಮೇಲ್ಪದರದ ಬಣ್ಣ ಹೋಗಿ ಅದೊಂದು ಬೇರೆಯಾಗಿಯೇ ಕಾಣುತ್ತದೆ.

ಕೂರಿಸಿದ ಮೇಲೆ ಒಂದು ದಿನ ಆ ಕಡೆ ಕಾಲಿಡಬೇಡಿ. ಗ್ರೌಟ್ ಹಾಕುವ ಮೊದಲು ಟೈಲ್ ಒಣಗಿದೆ ಎಂದು ಖಾತ್ರಿ ಮಾಡಿಕೊಂಡು ಮುಖಕ್ಕೆ ಒಂದು ಪದರ ಸೀಲರ್ ಹಚ್ಚಿ, ಇಲ್ಲದಿದ್ದರೆ ಸಿಮೆಂಟಿನ ಬೂದು ಬಣ್ಣ ರಂಧ್ರಗಳಿಗೆ ಇಳಿಯುತ್ತದೆ. ಅಂಚಿಗೆ ಸೀಲರ್ ಇಳಿಯದಂತೆ ನೋಡಿಕೊಳ್ಳಿ, ಗ್ರೌಟ್ ಹಿಡಿಯುವುದಿಲ್ಲ. ಕೊನೆಯ ಸೀಲರ್ ಗ್ರೌಟ್ ಪೂರ್ತಿ ಒಣಗಿದ ಮೇಲೆ. ಒಣಗಿದೆಯೇ ಎಂಬ ಅನುಮಾನ ಇದ್ದರೆ ಒಂದು ಪ್ಲಾಸ್ಟಿಕ್ ಹಾಳೆಯನ್ನು ಟೈಲಿನ ಮೇಲೆ ನಾಲ್ಕೂ ಕಡೆ ಟೇಪ್ ಹಾಕಿ ರಾತ್ರಿ ಬಿಡಿ. ಬೆಳಿಗ್ಗೆ ಒಳಗೆ ಹನಿ ಕಂಡರೆ ಇನ್ನಷ್ಟು ದಿನ ಕಾಯಬೇಕು.